ಒಂದೇಟಿನ ಅಳಿಯ

ನಮ್ಮ ಸೋದರತ್ತೆಗೆ ಕಿವಿ ಸ್ವಲ್ಪ ಮಂದ. ಬಾಗಿಲಲ್ಲಿ ನಿಂತು ಕೂಗಿದರೆ ಕೇಳಿಸುವುದಿಲ್ಲ, ಫೋನಿನಲ್ಲಿ ಅರ್ಧ ಕೇಳಿಸುವುದಿಲ್ಲ, ಬೇಡದ ಮಾತಂತೂ ಪೂರ್ತಿ ಕೇಳಿಸುವುದಿಲ್ಲ. ಆದರೆ ಕುಂಬಳಕಾಯಿ ಮಾತಾಡಿದರೆ ಮಾತ್ರ ಅಕ್ಷರ ಅಕ್ಷರವೂ ಕೇಳಿಸುತ್ತದೆ! ನಗಬೇಡಿ. ನಾನು ವರ್ಷಗಟ್ಟಲೆ ನಕ್ಕಿದ್ದೇನೆ. ನಕ್ಕವನ ಗತಿ ಏನಾಯಿತು ಎಂದು ಹೇಳುವುದಕ್ಕೇ ಇದನ್ನು ಬರೆಯಲು ಕೂತಿರುವುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಈ ಪ್ರಬಂಧ ಮುಗಿಯುವವರೆಗೂ ನನ್ನ ಒಂದು ಕೈ ಹೆಗಲ ಮೇಲೆಯೇ ಇರುತ್ತದೆ. ಇನ್ನೊಂದು ಕೈಯಲ್ಲಿ ಬರೆಯುತ್ತೇನೆ, ಅಕ್ಷರ ಸೊಟ್ಟಗಾದರೆ ಕ್ಷಮಿಸಿ.

ಅತ್ತೆ ಇರುವುದು ನಂದಿಯ ಹತ್ತಿರದ ಒಂದು ಹಳ್ಳಿಯಲ್ಲಿ. ನಾನು ಶಿಡ್ಲಘಟ್ಟದಲ್ಲಿ ಹೈಸ್ಕೂಲು ಮೇಷ್ಟ್ರು, ಅದರಲ್ಲೂ ವಿಜ್ಞಾನದ ಮೇಷ್ಟ್ರು. ಈ ವಿಜ್ಞಾನ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಹೋಗುವುದು ಅಲ್ಲಿಯೇ.

ಕುಂಬಳಕಾಯಿಯನ್ನು ಕೊಳ್ಳಲು ಅತ್ತೆಗೆ ಕಣ್ಣು ಬೇಕಾಗಿಲ್ಲ. ಮೊದಲು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಾರೆ. ಆಮೇಲೆ ಅದರ ಮೇಲೆ ಕಿವಿ ಇಟ್ಟು, ಕಣ್ಣು ಮುಚ್ಚಿ ಕೇಳುತ್ತಾರೆ. ಒಮ್ಮೆ ಚಿಂತಾಮಣಿಯ ಮಾರುಕಟ್ಟೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹಾಗೆನ್ನುವುದಕ್ಕಿಂತ ಚೀಲ ಹೊರುವುದಕ್ಕೆ ಎಳೆದುಕೊಂಡು ಹೋಗಿದ್ದರು ಎನ್ನುವುದೇ ಸರಿ. ಅಲ್ಲಿ ರಾಶಿ ಹಾಕಿದ್ದ ಕುಂಬಳಕಾಯಿಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಒಂದೊಂದಕ್ಕೂ ಕಿವಿ ಕೊಡಲು ಶುರು ಮಾಡಿದರು. ಒಂದು, ಎರಡು, ಐದು, ಒಂಬತ್ತು! ಸುತ್ತ ಜನ ಸೇರಿದರು. ಅಂಗಡಿಯವನು ತೆಲುಗಿನವನು. ನಗು ತಡೆಯಲಾರದೆ ಕೇಳಿದ.

"ಏಮಮ್ಮಾ, ಗುಮ್ಮಡಿಕಾಯ ಏಮಂಟುಂದಿ?"

ಕುಂಬಳಕಾಯಿ ಏನು ಹೇಳುತ್ತಿದೆ ಎಂದು ಅವನು ಕೇಳಿದ್ದು ತಮಾಷೆಗೆ. ಅತ್ತೆ ಉತ್ತರ ಕೊಟ್ಟದ್ದು ತಮಾಷೆಗಲ್ಲ.

"ನಿನ್ನ ಬೈತಾ ಐತೆ ಕಣಪ್ಪ. ಇನ್ನೂ ಹದಿನೈದು ದಿನ ಬಳ್ಳಿ ಮೇಲೆ ಇರ್ಬೇಕಾಗಿತ್ತು, ಎಳೇದ್ರಲ್ಲೇ ಕಿತ್ಕೊಂಡ್ ಬಂದ್ಬಿಟ್ಟ ಅಂತೈತೆ."

ಜನ ಗೊಳ್ಳೆಂದರು. ಆಗ ನಾನೆಲ್ಲಿದ್ದೆ? ಟೊಮ್ಯಾಟೊ ಕ್ರೇಟುಗಳ ಹಿಂದೆ! ಯಾವುದೋ ಟೊಮ್ಯಾಟೊದಲ್ಲಿ ಬಹಳ ಆಸಕ್ತಿ ಬಂದವನ ಹಾಗೆ ಬಗ್ಗಿ ನಿಂತಿದ್ದೆ. ಕರ್ಮಕ್ಕೆ ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಅಲ್ಲಿಗೇ ಬರಬೇಕೆ? "ಏನ್ರೀ ಮೇಷ್ಟ್ರೇ, ಅಲ್ಲಿ ಕುಂಬಳಕಾಯಿ ಜೊತೆ ಮಾತಾಡ್ತಾ ಅವ್ರಲ್ಲ, ಯಾರು ಅವರು?" ಎಂದು ಕೇಳಿದರು. "ಯಾರೋ ಏನೋ, ಗೊತ್ತಿಲ್ಲ ಸಾರ್" ಎಂದೆ. ಆ ಮಾತು ನನ್ನ ಬಾಯಿಂದ ಪೂರ್ತಿ ಹೊರಗೆ ಬಂದಿರಲಿಲ್ಲ, ಮಾರುಕಟ್ಟೆಗೆಲ್ಲ ಕೇಳುವ ಹಾಗೆ ಅತ್ತೆ ಕೂಗಿದರು. "ಅಳಿಯಪ್ಪಾ! ಎಲ್ಲೋದೆ? ಚೀಲ ತಗೊಂಬಾ!"

ಡ್ರಾಯಿಂಗ್ ಮೇಷ್ಟ್ರು ನನ್ನ ಮುಖ ನೋಡಿದರು. ಅವರು ಬಣ್ಣಗಳನ್ನು ಬಲ್ಲವರು, ಅವತ್ತು ನನ್ನ ಮುಖದಲ್ಲಿ ಎಷ್ಟು ಬಣ್ಣ ಕಂಡರೋ ದೇವರಿಗೇ ಗೊತ್ತು.

ಇದು ಕಿವಿಯ ಮಾತಾಯಿತು. ನಾಲಿಗೆಯ ಮಾತು ಇನ್ನೂ ಭಯಂಕರ. ಚಿಕ್ಕಬಳ್ಳಾಪುರದ ಒಂದು ಛತ್ರದಲ್ಲಿ ನನ್ನ ಹೆಂಡತಿಯ ಕಡೆಯವರ ಮದುವೆ. ಅತ್ತೆ ನನ್ನ ಪಕ್ಕದ ಎಲೆಯಲ್ಲಿ ಕೂತಿದ್ದರು. ಅನ್ನಕ್ಕೆ ಕುಂಬಳಕಾಯಿ ಹುಳಿ ಬಿತ್ತು. ಅತ್ತೆ ಒಂದು ತುತ್ತು ಬಾಯಿಗಿಟ್ಟರು. ಕೈ ನಿಂತಿತು. ಅವರ ಕೈ ನಿಂತರೆ ನನ್ನ ಎದೆ ನಿಲ್ಲುತ್ತದೆ. "ಅಡುಗೆ ಮಾಡಿದೋರನ್ನ ಸ್ವಲ್ಪ ಕರೀರಪ್ಪ" ಎಂದು ಬಡಿಸುವವನಿಗೆ ಹೇಳಿದರು.

ಅಡುಗೆಯವರು ಸೌಟು ಹಿಡಿದೇ ಬಂದರು, ಹೊಗಳಿಕೆ ಸಿಗುತ್ತದೆಂಬ ಮುಖದಲ್ಲಿ. ಅತ್ತೆ ಶುರು ಮಾಡಿದರು.

"ಸಿಹಿಗುಂಬಳ ಸಾಲ್ದೆ ಬೂದುಗುಂಬಳಾನೂ ಸೇರಿಸಿದ್ದೀಯಲ್ಲಪ್ಪ. ಸಿಹಿಗುಂಬಳ ತಾನು ಕರಗಿ ಹುಳಿಗೆ ಮೈ ಕೊಡ್ತದೆ. ಬೂದುಗುಂಬಳ ತನ್ನ ನೀರು ಬಿಟ್ಟು ಹುಳಿ ತೆಳ್ಳಗೆ ಮಾಡ್ತದೆ. ಅದನ್ನ ಮಜ್ಜಿಗೆ ಹುಳಿಗೆ ಹಾಕು, ಮಹಾರಾಜನ ಹಾಗೆ ಕೂತ್ಕೊತದೆ. ಎರಡನ್ನೂ ಒಂದೇ ಪಾತ್ರೆಗೆ ಹಾಕಿದ್ರೆ ಬೇಳೆ ಯಾರ ಮಾತು ಕೇಳ್ಬೇಕು?"

ಅಡುಗೆಯವರು ಆ ಕಡೆ ಈ ಕಡೆ ನೋಡಿ, ಬಗ್ಗಿ, ಅತ್ತೆಯ ಕಿವಿಯ ಹತ್ತಿರ ಪಿಸುಗುಟ್ಟಿದರು. "ಅಮ್ಮ, ಮುನ್ನೂರು ಜನ ಅಂತ ಹೇಳಿದ್ರು. ಐನೂರು ಜನ ಬಂದ್ಬಿಟ್ಟವ್ರೆ. ಕಾಯಿ ಸಾಲಲಿಲ್ಲ. ದಯವಿಟ್ಟು ಮೆತ್ತಗೆ ಮಾತಾಡಿ."

ಪಿಸುಮಾತು ಅತ್ತೆಗೆ ಕೇಳಿಸಬೇಕಲ್ಲ! "ಏನು? ಐನೂರು ಜನ ಬಂದವ್ರಾ?" ಎಂದು ಇಡೀ ಪಂಕ್ತಿಗೆ ಸಾರಿದರು. ಕರೆಯದೆ ಬಂದವರೆಲ್ಲ ತಲೆ ತಗ್ಗಿಸಿ ಊಟ ಮಾಡಿದರು. ನನ್ನ ಹೆಂಡತಿ ಎದುರು ಸಾಲಿನಿಂದ ನನ್ನ ಕಡೆ ಒಂದು ನೋಟ ಬಿಟ್ಟಳು. ಅದರ ಬಿಸಿಗೆ ನನ್ನ ಎಲೆಯ ಮೇಲಿದ್ದ ತುಪ್ಪ ಮತ್ತೊಮ್ಮೆ ಕರಗಿತು.

ಆದರೆ ಇವೆಲ್ಲ ಚಿಲ್ಲರೆ ಅವಮಾನಗಳು. ನಿಜವಾದ ತೊಂದರೆ ಇದ್ದದ್ದು ಮೊದಲ ಏಟಿನಲ್ಲಿ.

ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕುವುದಿಲ್ಲ. ಗಂಡಸು ಮಚ್ಚಿನಲ್ಲಿ ಒಂದೇಟು ಹಾಕಿಕೊಡಬೇಕು, ಆಮೇಲೆ ಈಳಿಗೆಮಣೆಯ ಕೆಲಸ ಅವರದು. ಯಾಕೆ ಎಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅತ್ತೆ ಹೇಳುವುದು, ಹಾಗೆ ಮಾಡಿದರೆ ತವರಿನ ಗಂಡುಮಕ್ಕಳಿಗೆ ಆಗಿಬರುವುದಿಲ್ಲ ಎಂದು. ನಾನು ವಿಜ್ಞಾನದ ಮೇಷ್ಟ್ರಲ್ಲವೆ, ವಾದ ಹೂಡಿದ್ದೆ. "ಸೋರೆಕಾಯಿಗೆ ಇಲ್ಲದ ಶಾಸ್ತ್ರ ಕುಂಬಳಕಾಯಿಗೆ ಯಾಕೆ ಅತ್ತೆ?"

"ಅದನ್ನ ಸೋರೆಕಾಯಿಯನ್ನೇ ಕೇಳ್ಕೋ ಹೋಗು" ಎಂದಿದ್ದರು.

ಅತ್ತೆಯ ಮನೆಯಲ್ಲಿ ಇರುವವರು ಮೂವರು, ಮೂವರೂ ಹೆಂಗಸರು. ಅತ್ತೆ, ಗಂಡ ತೀರಿಕೊಂಡ ಮೇಲೆ ತಾಯಿಯ ಜೊತೆಗೇ ನೆಲೆಸಿದ ಅವರ ಮಗಳು, ಕಾಲೇಜಿಗೆ ಹೋಗುವ ಮೊಮ್ಮಗಳು. ಮಗಳು ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ್ದರಿಂದ ನಾನು ಅತ್ತಿಗೆ ಎಂದು ಕರೆಯುತ್ತೇನೆ. ನಮ್ಮಪ್ಪ ಇರುವವರೆಗೂ ಆ ಮನೆಯ ಕುಂಬಳಕಾಯಿಗಳಿಗೆ ಮೊದಲ ಏಟು ಅಪ್ಪನದೇ. ವಿದುರಾಶ್ವತ್ಥದ ಹತ್ತಿರದ ನಮ್ಮೂರಿನಿಂದ ಎರಡು ಬಸ್ಸು ಬದಲಿಸಿ, ತಂಗಿಯ ಮನೆಗೆ ಬಂದು, ಒಂದೇಟು ಹಾಕಿ, ಊಟ ಮಾಡಿ ಹೋಗುತ್ತಿದ್ದರು. ಅಪ್ಪ ಹೋದ ಮೇಲೆ ಊರಿನ ಮನೆ ದಾಯಾದಿಗಳ ಪಾಲಿಗೆ ಬಂತು. ಅಲ್ಲಿ ಈಗ ಅತ್ತೆಯನ್ನು ಒಳಗೆ ಬಾ ಎನ್ನುವವರಿಲ್ಲ. ತವರು ಅಂತ ಅವರಿಗೆ ಉಳಿದಿರುವುದು ನಾನೊಬ್ಬನೇ. ಅಪ್ಪನ ತಿಥಿಯ ಊಟ ಮುಗಿದ ಮೇಲೆ ಅತ್ತೆ ನನ್ನ ಕೈಗೆ ಹಳೆಯ ಮಚ್ಚು ಕೊಟ್ಟು, "ಇನ್ಮೇಲೆ ಒಂದೇಟು ನೀನೇ ಹಾಕ್ಬೇಕಪ್ಪ" ಎಂದರು. ನಾನು ಆಗಲಿ ಎಂದು ತಲೆ ಆಡಿಸಿದೆ. ಒಪ್ಪುವಾಗ ಅತ್ತೆ ವರ್ಷಕ್ಕೆ ಎಷ್ಟು ಕುಂಬಳಕಾಯಿ ತಿನ್ನುತ್ತಾರೆ ಎಂದು ಕೇಳಿಕೊಳ್ಳಲಿಲ್ಲ. ತಪ್ಪಾಯಿತು!

ಹದಿನೈದು ದಿನಕ್ಕೊಂದು ಫೋನು. "ಅಳಿಯಪ್ಪ, ಒಂದು ಕಾಯಿ ಬಂದೈತೆ." ಅಷ್ಟೇ ಮಾತು. ನಾನು ಭಾನುವಾರದ ನಿದ್ದೆ ಬಿಟ್ಟು, ಬೈಕು ಹತ್ತಿ, ಮುಕ್ಕಾಲು ಗಂಟೆ ಹೋಗಬೇಕು. ಅಲ್ಲಿ ಮಣೆಯ ಮೇಲೆ ಕುಂಬಳಕಾಯಿ ಕೂತಿರುತ್ತದೆ, ಅದಕ್ಕೆ ಅರಿಶಿನ ಕುಂಕುಮ ಬೇರೆ. ನಾನು ಮಚ್ಚು ಎತ್ತಿ ಒಂದೇಟು ಹಾಕಬೇಕು. ಎರಡನೆಯದಕ್ಕೆ ಕೈ ಎತ್ತಿದರೆ ಅತ್ತೆ ತಡೆಯುತ್ತಿದ್ದರು. "ಸಾಕು ಬಿಡು. ಇನ್ನು ನಾನು ನೋಡ್ಕೊತೀನಿ. ನೀನು ಕೂತ್ಕೋ."

ಏಟು ಹಾಕುವುದು ಅರ್ಧ ನಿಮಿಷ. ಕೂತುಕೊಳ್ಳುವುದು ಮೂರು ಗಂಟೆ! ಅತ್ತೆ ಈಳಿಗೆಮಣೆಯ ಮುಂದೆ ಕೂತು ಹೋಳು ಮಾಡುತ್ತಾ ಮಾತಾಡುತ್ತಿದ್ದರು. ನಮ್ಮಪ್ಪ ಚಿಕ್ಕಂದಿನಲ್ಲಿ ಬಾವಿಗೆ ಬಿದ್ದದ್ದು, ಅಜ್ಜಿಯ ಕೈ ಹುಳಿಯ ರುಚಿ, ಯಾವ ಹಿತ್ತಲಿನಲ್ಲಿ ಯಾವ ಬಳ್ಳಿ ಎಷ್ಟು ಕಾಯಿ ಬಿಟ್ಟಿತ್ತು ಎಂಬ ಲೆಕ್ಕ. ಆಮೇಲೆ ಮುದ್ದೆ, ಹುಳಿ, ಸಿಪ್ಪೆಯ ಚಟ್ನಿ, ಹುರಿದ ಬೀಜ. ಹೊರಡುವಾಗ ಪೇಪರಿನಲ್ಲಿ ಸುತ್ತಿದ ಒಂದು ದೊಡ್ಡ ಹೋಳು ನನ್ನ ಬೈಕಿನ ಹ್ಯಾಂಡಲಿಗೆ. ಸೋಮವಾರ ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಕೇಳುತ್ತಿದ್ದರು, "ಏನು ಒಂದೇಟಿನ ಅಳಿಯಂದಿರೇ, ನಿನ್ನೆ ಆಪರೇಷನ್ ಇತ್ತಾ?" ಆ ಹೆಸರು ನನಗೆ ಅಂಟಿಕೊಂಡಿತು. ಮೈ ಉರಿಯುತ್ತಿತ್ತು. ಒಂದೇಟಿಗಾಗಿ ಭಾನುವಾರಗಳು ಹೋಗುತ್ತಿವೆಯಲ್ಲ ಎಂದು ಹೆಂಡತಿಯ ಮುಂದೆ ಗೊಣಗುತ್ತಿದ್ದೆ. ಅವಳು, "ಊಟ ಮಾಡ್ಕೊಂಡು ಬರ್ತೀರಲ್ಲ, ಏಟಿಗೆ ಅಷ್ಟು ಕೂಲಿ ಯಾರು ಕೊಡ್ತಾರೆ?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಹೀಗಿರುವಾಗ ನನ್ನ ಬಿಡುಗಡೆಗೆ ದಾರಿ ತೋರಿಸಲೆಂದೇ ಬಂದ ಹಾಗೆ ಬಟರ್‌ನಟ್ ಬಂತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಂದಿಯ ಹತ್ತಿರ ದ್ರಾಕ್ಷಿ ಬೆಳೆಯುತ್ತಾನೆ. ತೋಟದ ಪಕ್ಕದ ತುಂಡು ಜಮೀನಿನಲ್ಲಿ ಪಟ್ಟಣದ ದೊಡ್ಡ ಅಂಗಡಿಗಳಿಗೆಂದು ಪರದೇಶದ ತರಕಾರಿಯಾದ ಈ ಬಟರ್‌ನಟ್ ಹಾಕಿದ್ದ. ಹದವಾಗಿ ಬೆಂದ ಚಪಾತಿಯ ಬಣ್ಣ, ಉದ್ದ ಕತ್ತು, ದಪ್ಪ ಬುಡ. ಕತ್ತು ನೆಟ್ಟಗಿದ್ದರೆ ಮಾತ್ರ ಅಂಗಡಿಯವರು ಒಯ್ಯುತ್ತಾರಂತೆ. ಕತ್ತು ಡೊಂಕಾದದ್ದನ್ನು ಹಾಗೇ ಬಿಟ್ಟು ಹೋಗುತ್ತಾರಂತೆ. "ತಗೊಂಡ್ ಹೋಗಿ ಸಾರ್, ಸುಮ್ನೆ ಬಿದ್ದಿರ್ತವೆ" ಎಂದು ಸಂಕ್ರಾಂತಿಯ ಹಿಂದಿನ ದಿನ ನನಗೆ ಡೊಂಕು ಕತ್ತಿನದೊಂದನ್ನು ಕೊಟ್ಟ. ಅವತ್ತೇ ಅತ್ತೆಯ ಮನೆಯ ಹಬ್ಬದ ಕುಂಬಳಕ್ಕೆ ಏಟು ಹಾಕುವ ಸರದಿ ಇತ್ತು. ಅಲ್ಲಿಗೆ ಅದನ್ನೂ ಹಿಡಿದುಕೊಂಡು ಹೋದೆ.

ಅತ್ತೆ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟಿದರು. ಕಿವಿ ಇಟ್ಟರು. ಮೂಸಿದರು. ಮತ್ತೆ ಕಿವಿ ಇಟ್ಟರು.

"ಮಾತಾಡ್ತಾ ಐತೆ. ಆದ್ರೆ ಏನು ಅಂತ ಗೊತ್ತಾಗ್ತಿಲ್ಲ."

"ಇಂಗ್ಲಿಷ್ ಇರ್ಬೇಕು ಅಜ್ಜಿ" ಎಂದಳು ಮೊಮ್ಮಗಳು.

ಅತ್ತೆ ನಗಲಿಲ್ಲ. ನನ್ನ ಕಡೆ ತಿರುಗಿದರು. "ನೀನು ಸೈನ್ಸ್ ಮೇಷ್ಟ್ರು. ನೀನೇ ಹೇಳಪ್ಪ. ಇದು ಕುಂಬಳಾನಾ, ಅಲ್ವಾ?"

ಪ್ರಶ್ನೆಯ ಹಿಂದಿನ ಪ್ರಶ್ನೆ ಅರ್ಥವಾಯಿತು. ಕುಂಬಳವಾದರೆ ಇದಕ್ಕೂ ಮೊದಲ ಏಟಿನ ಶಾಸ್ತ್ರ ಉಂಟು, ಇದಕ್ಕೂ ನಾನು ಬರಬೇಕು. ಕುಂಬಳವಲ್ಲದಿದ್ದರೆ ಅವರೇ ಹೆಚ್ಚಿಕೊಳ್ಳಬಹುದು. ನನಗೆ ಉತ್ತರ ಚೆನ್ನಾಗಿ ಗೊತ್ತಿತ್ತು. ಇದೂ ನಮ್ಮ ಸಿಹಿಗುಂಬಳವೂ ಒಂದೇ ಜಾತಿ, ಆಕಾರವಷ್ಟೇ ಬೇರೆ. ಸಸ್ಯಗಳ ವರ್ಗೀಕರಣದ ಪಾಠ ಮಾಡುವವನು, ತಪ್ಪು ಬರೆದ ಮಕ್ಕಳ ಅಂಕ ಕತ್ತರಿಸುವವನು, ಆ ನಾನು ಹೇಳಿದೆ.

"ಕುಂಬಳ ಅಲ್ಲ ಅತ್ತೆ. ಸೌತೆಕಾಯಿ ಕಡೆಯದು. ಇದಕ್ಕೆ ಶಾಸ್ತ್ರ ಗೀಸ್ತ್ರ ಏನೂ ಇಲ್ಲ, ನೀವೇ ಹೆಚ್ಕೋಬಹುದು. ಇನ್ಮೇಲೆ ನಾನು ಇದನ್ನೇ ಕಳಿಸ್ತೀನಿ."

ಅತ್ತೆ ಅದರ ಕತ್ತನ್ನು ಮತ್ತೊಮ್ಮೆ ಸವರಿ ನೋಡಿದರು. "ಹಂಗಂತೀಯಾ?"

"ಪುಸ್ತಕದಲ್ಲೇ ಐತೆ ಅತ್ತೆ."

ನೋಡಿ, ಸುಳ್ಳಿಗೆ ಪಠ್ಯಪುಸ್ತಕವನ್ನೂ ಸಾಕ್ಷಿಗೆ ಎಳೆದೆ! ಅತ್ತೆ, "ಸರಿ, ಮೇಷ್ಟ್ರು ಹೇಳಿದ ಮೇಲೆ ಮುಗೀತು. ಇವತ್ತು ಹೆಂಗೂ ಬಂದಿದ್ದೀಯಲ್ಲ, ಎರಡಕ್ಕೂ ನೀನೇ ಹಾಕ್ಬಿಡು" ಎಂದರು. ಹಾಕಿದೆ. ಬಟರ್‌ನಟ್ ಎರಡಾಗಿ ಬುಡದಲ್ಲಿ ಬೀಜ ಕಂಡಿತು. ಅತ್ತೆ ಎರಡು ಬೀಜ ತೆಗೆದು, ಅಂಗೈಯಲ್ಲಿ ಉಜ್ಜಿ ನೋಡಿ, ಉಳಿದ ಬೀಜಗಳ ಜೊತೆಗೆ ಹಾಕಿದರು.

ಅವತ್ತು ಅವರ ಒಲೆಯ ಮೇಲೆ ನಡೆದದ್ದನ್ನು ನಾನು ಮಕ್ಕಳಿಗೆ ಮಾಡಿಸುವ ಪ್ರಯೋಗಗಳಲ್ಲಿ ಎಂದೂ ಕಂಡಿಲ್ಲ. ಒಂದೇ ಅಳತೆಯ ಎರಡು ಪಾತ್ರೆ, ಒಂದೇ ಬೇಳೆ, ಒಂದೇ ಪುಡಿ, ಒಂದೇ ಹುಣಸೆಹಣ್ಣು. ಒಂದರಲ್ಲಿ ನಮ್ಮ ಕುಂಬಳ, ಇನ್ನೊಂದರಲ್ಲಿ ಆ ಡೊಂಕು ಕತ್ತಿನದು. ಹಾಗೆಯೇ ಎರಡು ಪಲ್ಯ. ಕೊನೆಗೆ ಎರಡನ್ನೂ ಬೇರೆ ಬೇರೆ ಬೇಯಿಸಿ ಬೆಲ್ಲ ಹಾಕಿದ ಸಿಹಿ. ನಾವು ನಾಲ್ವರೂ ಗೋಡೆಗೆ ಒರಗಿ ಕೂತು ಆ ಬಟ್ಟಲಿನಿಂದ ಈ ಬಟ್ಟಲಿಗೆ ಕೈ ಓಡಾಡಿಸಿದೆವು.

ಅತ್ತೆ ತೀರ್ಪು ಕೊಟ್ಟರು. ಪಲ್ಯಕ್ಕೆ ಹೊಸದೇ ಮೇಲು. ನಾರಿಲ್ಲ, ನೀರಿಲ್ಲ, ಹೋಳು ಒಡೆಯುವುದಿಲ್ಲ, ಒಗ್ಗರಣೆಯಲ್ಲಿ ಅಂಚು ಕೆಂಪಾದರೆ ಹಸಿ ಕಡಲೆಕಾಯಿ ಬೇಯಿಸಿದಂಥ ಒಂದು ಘಮ. ಸಿಹಿಗೂ ಅದೇ ಮೇಲು, ಬೆಲ್ಲ ಕಮ್ಮಿ ಸಾಕು. ನಮ್ಮ ಕುಂಬಳದ ಪಲ್ಯ ಸ್ವಲ್ಪ ಯಾಮಾರಿದರೆ ಗೊಜ್ಜಾಗಿ ಕೂರುತ್ತದೆ, ನಿಜ. ಹಾಗೆಂದು ಹೊಗಳಿ, ಹುಳಿಯ ಬಟ್ಟಲಿಗೆ ಬಂದು ನಿಂತರು.

"ಹುಳಿಗೆ ಮಾತ್ರ ಇದು ಬರಲ್ಲ ಕಣಪ್ಪ. ನೋಡು, ಹೋಳು ಹಾಕ್ದಂಗೇ ಐತೆ. ಹುಳಿ ಬೇರೆ, ಹೋಳು ಬೇರೆ. ನಮ್ಮ ಕುಂಬಳ ನಾರೋ ನೀರೋ, ಒಳಗೆ ಹೋದ್ಮೇಲೆ ಎಲ್ಲಾರ ಜೊತೆ ಬೆರೀತದೆ. ಇದು ಬಂದ ಮನೇಲಿ ಚಪ್ಪಲಿ ಬಿಡದೆ ಬಾಗ್ಲಲ್ಲೇ ನಿಂತು ಮಾತಾಡ್ಸಿ ಹೋಗೋರಂಗೈತೆ."

ನನಗೆ ಎಲ್ಲೋ ಚುಚ್ಚಿದಂತಾಯಿತು. ನಾನು ಆ ಕಡೆಗೆ ಗಮನ ಕೊಡದೆ ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಅಲ್ಲಿಂದ ನನ್ನ ಸ್ವಾತಂತ್ರ್ಯ ಶುರುವಾಯಿತು! ಆಗಾಗ ಹಳೆಯ ವಿದ್ಯಾರ್ಥಿಗೆ ಒಂದು ಫೋನು, ಅವನು ಡೊಂಕು ಕತ್ತಿನದೊಂದನ್ನು ಅತ್ತೆಯ ಮನೆಗೆ ತಲುಪಿಸಿ ಬರುತ್ತಿದ್ದ. ಅತ್ತೆಯಿಂದ ಕರೆ ಬರುವುದು ನಿಂತಿತು. ನಾನು ಭಾನುವಾರ ಒಂಬತ್ತಕ್ಕೆ ಏಳತೊಡಗಿದೆ. ಡ್ರಾಯಿಂಗ್ ಮೇಷ್ಟ್ರ ಬಾಯಿ ಮುಚ್ಚಿತು. ಒಮ್ಮೊಮ್ಮೆ ಮನಸ್ಸು ಕೊರೆದಾಗ ನಾನೇ ಫೋನು ಮಾಡುತ್ತಿದ್ದೆ. "ಕಾಯಿ ಹೇಗಿತ್ತು ಅತ್ತೆ?"

"ಚೆನ್ನಾಗೈತೆ ಕಣಪ್ಪ. ನೀನು ಚೆನ್ನಾಗಿದ್ದೀಯಾ?"

ಅಷ್ಟೇ. ಒಂದು ತುತ್ತು ಹುಳಿಯ ಮೇಲೆ ಅರ್ಧ ಗಂಟೆ ಮಾತಾಡುವ ಹೆಂಗಸು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಾರಲ್ಲ ಎಂದು ನನಗೆ ಆಗಲೇ ಅನುಮಾನ ಬರಬೇಕಾಗಿತ್ತು. ಬರಲಿಲ್ಲ. ಬರಬಾರದು ಎಂದು ನಾನೇ ಬಾಗಿಲು ಹಾಕಿಕೊಂಡಿದ್ದೆ ಎನ್ನುವುದು ಸತ್ಯ. ಹೆಂಡತಿ ಕೇಳಿದ್ದಳು, "ಅತ್ತೆ ಮನೆಗೆ ಹೋಗಿ ಎಷ್ಟು ದಿನ ಆಯ್ತು?" "ಅವರೇ ಕರೆದಿಲ್ಲ" ಎಂದೆ. "ಕರೆದ್ರೇನೇ ಹೋಗೋದಾ?" ಎಂದಳು. ನಾನು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದೆ. ಯುಗಾದಿ ಕಳೆಯಿತು, ಶಾಲೆ ಮುಚ್ಚಿ ಮತ್ತೆ ತೆರೆಯಿತು, ಗೌರಿ ಗಣೇಶನ ಹಬ್ಬವೂ ಹೋಯಿತು. ಮುಕ್ಕಾಲು ಗಂಟೆಯ ದಾರಿ, ಎಂಟು ತಿಂಗಳು ನಾನು ಆ ಕಡೆ ತಲೆ ಹಾಕಲಿಲ್ಲ.

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಹಿರಿಯರಿಗೆ ಎಡೆ ಇಡುವ ಹಬ್ಬ. ಅಪ್ಪನ ಎಡೆಗೆ ಕುಂಬಳಕಾಯಿ ಪಲ್ಯ ಆಗಲೇಬೇಕು. ಅದಕ್ಕೆ ಹಿಂದಿನ ಭಾನುವಾರ ಬೆಳಗ್ಗೆ ಅತ್ತೆಯ ಫೋನು.

"ಅಳಿಯಪ್ಪ, ನಮ್ಮ ತಿಪ್ಪೆ ಮೇಲೆ ಏನೋ ಒಂದು ಕಾಯಿ ಬಿಟ್ಟೈತೆ. ಸೈನ್ಸ್ ಮೇಷ್ಟ್ರು ನೋಡಿದ್ರೆ ಒಳ್ಳೇದು. ಪುರುಸೊತ್ತಾದ್ರೆ ಬಾ."

ಪುರುಸೊತ್ತಾದರೆ! ಆ ಮಾತನ್ನು ಅವರು ಎಂದೂ ಆಡಿದವರಲ್ಲ. ಹೋದೆ.

ತಿಪ್ಪೆಯ ಮೇಲೆ ಬಳ್ಳಿ ಹಬ್ಬಿತ್ತು. ಅದರಲ್ಲಿ ಬಿಟ್ಟಿದ್ದ ಕಾಯಿ ನೋಡಿ ನನ್ನ ಕಾಲು ಅಲ್ಲೇ ನಿಂತಿತು. ಬುಡ ನಮ್ಮ ಕುಂಬಳದ ಹಾಗೆ ಅಗಲ, ಮೈಮೇಲೆ ನಮ್ಮ ಕುಂಬಳದ ಗೆರೆಗಳು. ಮೇಲಕ್ಕೆ ಮಾತ್ರ ಗೇಣುದ್ದದ ಕತ್ತು, ಅದೂ ಡೊಂಕು! ಸಂಕ್ರಾಂತಿಯ ಹಿಂದಿನ ದಿನ ತಿಪ್ಪೆಗೆ ಚೆಲ್ಲಿದ ಬೀಜಗಳು ಹುಟ್ಟಿ, ಅಕ್ಕಪಕ್ಕ ಹೂ ಬಿಟ್ಟಿವೆ. ಜೇನುಹುಳ ಅಲ್ಲಿಂದ ಇಲ್ಲಿಗೆ ಓಡಾಡಿದೆ. ಅಲ್ಲೇ ಹಣ್ಣಾಗಿ ಕೊಳೆತ ಆ ಕಾಯಿಗಳ ಬೀಜ ಮುಂಗಾರಿಗೆ ಮತ್ತೆ ಹುಟ್ಟಿ ಈ ರೂಪ ತಾಳಿದೆ. ಎರಡೂ ಒಂದೇ ಜಾತಿಯಲ್ಲದಿದ್ದರೆ ಹೀಗೆ ಆಗುವುದಿಲ್ಲ ಎನ್ನುವುದು ನನಗೆ ಗೊತ್ತು. ಅತ್ತೆಗೂ ಗೊತ್ತು, ಬಳ್ಳಿ ಬೆಳೆಸಿಯೇ ಮುದುಕಿಯಾದವರು.

"ನೋಡಪ್ಪ" ಎಂದರು ಅತ್ತೆ, ಬಲು ಮೆತ್ತಗೆ. "ಸೌತೆಕಾಯಿ ಕಡೇದೂ ನಮ್ಮ ಕುಂಬಳಾನೂ ಹೆಂಗೆ ಸಂಬಂಧ ಬೆಳೆಸವೆ ನೋಡು. ನಿನ್ನ ಪುಸ್ತಕದಲ್ಲಿ ಇದಕ್ಕೇನಂತಾರೆ?"

ನನ್ನ ಕೈ ತಾನಾಗಿಯೇ ಹೆಗಲ ಮೇಲೆ ಹೋಯಿತು. ನಿಜವಾಗಿಯೂ ಹೋಯಿತು! ಹೇಗೋ ಮಾಡಿ, "ಅದೂ ಕುಂಬಳಾನೇ ಅತ್ತೆ. ನಾನು ಅವತ್ತು ಸುಳ್ಳು ಹೇಳಿದೆ" ಎಂದೆ.

"ಬಿಡು. ಬಿಸಿಲಾಯ್ತು, ಒಳಗೆ ಬಾ. ಇದನ್ನೂ ಕಿತ್ಕೊಂಡು ಬಾ" ಎಂದು ನಗುತ್ತಾ ಅವರು ಮುಂದೆ ನಡೆದರು.

ನನಗೆ ಸ್ವಲ್ಪ ಹಗುರವಾಯಿತು. ಸುಳ್ಳು ಹೊರಗೆ ಬಂತು, ಅತ್ತೆ ನಕ್ಕು ಬಿಟ್ಟರು, ಇನ್ನು ಒಂದೇಟು ಹಾಕಿ ಊಟ ಮಾಡಿದರೆ ಲೆಕ್ಕ ಚುಕ್ತಾ ಎಂದುಕೊಂಡೆ. ಆದರೆ ಅತ್ತಿಗೆ ನಗುತ್ತಿರಲಿಲ್ಲ. ಒಳಗೆ ಹೋದ ತಕ್ಷಣ ಏಣಿಯ ಕಡೆ ಕೈ ತೋರಿಸಿದಳು. "ಅಟ್ಟದ ಮೇಲೆ ಮಚ್ಚೈತೆ. ನೀನೇ ಹತ್ತಿ ತಗೋ."

ಹತ್ತಿದೆ. ಅಟ್ಟದ ಮೇಲೆ ಹುಲ್ಲು ಹಾಸಿ, ಅದರ ಮೇಲೆ ಸಾಲಾಗಿ ಕುಂಬಳಕಾಯಿಗಳನ್ನು ಇಟ್ಟಿದ್ದರು. ಒಂದು ಕಡೆ ಹಿತ್ತಲಿನ ಕುಂಬಳಗಳು. ಇನ್ನೊಂದು ಕಡೆ ಡೊಂಕು ಕತ್ತಿನವು, ನಾನು ಕಳಿಸಿದವು. ಹನ್ನೊಂದು ಕಾಯಿ ಎಣಿಸಿದೆ. ಒಂದಕ್ಕೂ ಏಟು ಬಿದ್ದಿರಲಿಲ್ಲ. ಕೆಲವು ಸುಕ್ಕಾಗಿದ್ದವು. ಅಲ್ಲಲ್ಲಿ ಹುಲ್ಲಿನ ಮೇಲೆ ಕಪ್ಪು ಕಲೆಗಳಿದ್ದವು, ಕೊಳೆತದ್ದನ್ನು ತೆಗೆದ ಜಾಗ ಅವು. ಮಚ್ಚು ಮೂಲೆಯಲ್ಲಿತ್ತು, ಬಾಯಿಗೆ ತುಕ್ಕು ಹಿಡಿದಿತ್ತು.

ಕೆಳಗಿನಿಂದ ಅತ್ತಿಗೆ ಹೇಳಿದಳು. "ಬೀಜ ನೋಡಿದ ದಿನಾನೇ ಅಮ್ಮನಿಗೆ ಗೊತ್ತಾಗಿತ್ತು, ಅದು ಕುಂಬಳ ಅಂತ. ಪಕ್ಕದ ಮನೆಯೋರನ್ನ ಕರೀತೀನಿ, ಒಂದೇಟು ಹಾಕಿಕೊಡ್ತಾರೆ ಅಂದೆ. ಬೇಡ ಅಂದ್ಲು. ಸಂಕ್ರಾಂತಿಯಿಂದ ಈ ಮನೇಲಿ ಕುಂಬಳಕ್ಕೆ ಏಟು ಬಿದ್ದಿಲ್ಲ."

ಕುಂಬಳಕಾಯಿಯ ಮಾತಿಗೆ ಕಿವಿ ಕೊಟ್ಟು ಬದುಕಿದ ಹೆಂಗಸು, ಎಂಟು ತಿಂಗಳು ತಲೆಯ ಮೇಲೆ ಅಟ್ಟದ ತುಂಬ ಕುಂಬಳ ಇಟ್ಟುಕೊಂಡು, ಬರೀ ಉಪ್ಪುಸಾರು ಬಸ್ಸಾರಿನಲ್ಲಿ ಊಟ ಮಾಡಿದ್ದಾರೆ. ನಾನು ಅಷ್ಟೂ ಭಾನುವಾರ ಒಂಬತ್ತು ಗಂಟೆಯವರೆಗೆ ಮಲಗಿದ್ದೇನೆ. ನಾಚಿಕೆಯಾಯಿತು ಎಂದರೆ ಸಾಲದು. ಏಣಿ ಇಳಿದು ಅವರ ಮುಖ ನೋಡಬೇಕಲ್ಲ ಎಂದು, ಅಲ್ಲೇ ಅಟ್ಟದ ಮೇಲೆ ಇನ್ನೊಂದು ಕುಂಬಳಕಾಯಿಯಾಗಿ ಕೂತುಬಿಡೋಣ ಅನಿಸಿತು.

"ಪಕ್ಕದ ಮನೆಯವರನ್ನ ಯಾಕೆ ಕರೀಲಿಲ್ಲ ಅತ್ತೆ?" ಎಂದು ಮೇಲಿನಿಂದಲೇ ಕೇಳಿದೆ.

ಅತ್ತೆಗೆ ಮೊದಲ ಸಲ ಕೇಳಿಸಲಿಲ್ಲ. ಎರಡನೆಯ ಸಲ ಕೂಗಿ ಕೇಳಿದೆ.

"ಅಯ್ಯೋ, ಕಾಯಿ ಒಡ್ಯೋಕೆ ಊರ ತುಂಬ ಗಂಡಸ್ರು ಅವ್ರೆ ಕಣಪ್ಪ. ಕಾಯಿ ಒಡೀಲಿ ಅಂತಾನಾ ನಿಮ್ಮಪ್ಪನ್ನ ಎರಡು ಬಸ್ಸು ಹತ್ತಿಸಿ ಕರೆಸ್ತಿದ್ದಿದ್ದು? ಆ ನೆಪದಲ್ಲಿ ನಮ್ಮಣ್ಣ ಬಂದು ಒಂದು ಗಳಿಗೆ ಕೂತ್ಕೊತಿದ್ದ. ಆಮೇಲೆ ನೀನು ಬರ್ತಿದ್ದೆ. ನಿನಗೆ ಕಷ್ಟ ಆಗ್ತೈತೆ ಅಂತ ನನಗೇನು ಗೊತ್ತು? ಹೇಳಿದ್ದಿದ್ರೆ ನಾನೇ ಬೇಡ ಅಂತಿದ್ದೆ. ಅದಕ್ಕೆ ಪುಸ್ತಕದ ಮೇಲೆ ಯಾಕಪ್ಪ ಹಾಕ್ಬೇಕಾಗಿತ್ತು?"

ನಾನು ಕಾಯಿಗಳನ್ನು ಒಂದೊಂದಾಗಿ ಹೊತ್ತು ಇಳಿಸಿದೆ. ಹನ್ನೊಂದನ್ನೂ ಇಳಿಸಿದೆ. ತಿಪ್ಪೆಯ ಮೇಲಿನದೂ ಸೇರಿ ಹನ್ನೆರಡು, ನಡುಮನೆಯಲ್ಲಿ ಸಾಲಾಗಿ ಕೂತವು. ಮಚ್ಚನ್ನು ಹೊರಗಿನ ಕಲ್ಲಿಗೆ ಉಜ್ಜಿ ಉಜ್ಜಿ ತುಕ್ಕು ಬಿಡಿಸಿದೆ. ಎಲ್ಲವನ್ನೂ ಇವತ್ತೇ ಒಡೆದು ಹಾಕುತ್ತೇನೆ, ಅತ್ತೆ ಬೇಕಾದ್ದು ಮಾಡಲಿ, ಉಳಿದದ್ದು ಊರಿಗೆ ಹಂಚಲಿ, ಇದರಿಂದಲಾದರೂ ನನ್ನ ಸಾಲ ಸ್ವಲ್ಪ ತೀರಲಿ ಎಂಬ ಆವೇಶ ನನಗೆ. ಅತ್ತೆ ಸಾಲಿನ ಮುಂದೆ ಕೂತು ಒಂದೊಂದನ್ನೂ ತಟ್ಟಿ, ಕಿವಿ ಇಟ್ಟು ಕೇಳಿದರು. ನಾನು ನಗಲಿಲ್ಲ. ತಿಪ್ಪೆಯ ಮೇಲಿನ ಡೊಂಕು ಕತ್ತಿನ ಕುಂಬಳವನ್ನೇ ಆರಿಸಿ ಮಣೆಯ ಮೇಲೆ ಇಟ್ಟು, ಅರಿಶಿನ ಕುಂಕುಮ ಹಚ್ಚಿದರು. ಒಂದೇಟು ಹಾಕಿದೆ. ಒಳಗೆ ನಮ್ಮ ಕುಂಬಳದ ಕೆಂಪು, ಬಟರ್‌ನಟ್ಟಿನ ಹಾಗೆ ನಾರಿಲ್ಲದ ನುಣುಪು.

"ಸಾಕು ಬಿಡು. ಇನ್ನು ನಾನು ನೋಡ್ಕೊತೀನಿ" ಎಂದರು ಅತ್ತೆ.

ನಾನು ಕೇಳದೆ ಎರಡನೆಯ ಕಾಯಿಯನ್ನು ಮಣೆಗೆ ಎಳೆದು ಮಚ್ಚು ಎತ್ತಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಅವರ ಕೈಯಲ್ಲಿ ಅಷ್ಟು ಬಲ ಇದೆ ಎಂದು ನನಗೆ ಗೊತ್ತಿರಲಿಲ್ಲ.

"ಎಲ್ಲಾನೂ ಇವತ್ತೇ ಒಡೆದ್ಬಿಟ್ರೆ ಬರೋ ವಾರ ಯಾತಕ್ಕೆ ಬರ್ತೀಯ?"

ಹನ್ನೊಂದು ಕಾಯಿಗಳನ್ನೂ ನಾನೇ ಮತ್ತೆ ಅಟ್ಟಕ್ಕೆ ಏರಿಸಿದೆ. ಆಮೇಲೆ ಕೆಳಗೆ ಇಳಿದು ಬಂದು, ಅತ್ತೆಯ ಈಳಿಗೆಮಣೆಯ ಎದುರಿಗೆ ಕೂತುಕೊಂಡೆ.